ಏಳನೇ ಹಾಸಿಗೆಯ ಹಲ್ಲು

ಜೂನ್ 3

ಗುಬ್ಬಿ,

ಫೋನ್ ಮಾಡಬೇಡ ಎಂದು ನೀನು ಹೇಳಿದ್ದೆ. ಕಾಗದ ಬರೆಯಬೇಡ ಎಂದಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಕೋಣೆಯ ವಿಳಾಸ ನನಗೆ ಗೊತ್ತಿಲ್ಲವಾದ್ದರಿಂದ ನೀನು ಪಾಠ ಮಾಡುವ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೇ ಕಳಿಸಿದ್ದೇನೆ. ಊಟ ಮಾಡಿದೆಯಾ, ನಿದ್ದೆ ಬರುತ್ತದಾ ಎಂದು ಕೇಳಿ ನಿನ್ನ ತಲೆ ತಿನ್ನುವುದಿಲ್ಲ. ಒಂದು ಡೌಟು ಇದೆ, ಅಷ್ಟೇ.

ನಮ್ಮ ವೃದ್ಧಾಶ್ರಮಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಮಾತು ಮಾತಿಗೂ ‘ಸಿಸ್ಟಮ್’ ಅನ್ನುವ ಮನುಷ್ಯ. ಗಂಡಸರ ವಾರ್ಡಿನಲ್ಲಿ ಹತ್ತೊಂಬತ್ತು ತಾತಂದಿರಿದ್ದಾರೆ, ಹತ್ತೊಂಬತ್ತೂ ಜನಕ್ಕೆ ಕಟ್ಟಿಸಿದ ಹಲ್ಲು. ಸಂಜೆ ಊಟವಾದ ಮೇಲೆ ಅವರು ಹಲ್ಲು ತೆಗೆದು ಡಬ್ಬಿಗೆ ಹಾಕುತ್ತಾರೆ, ನಾನು ತೊಳೆಯುತ್ತೇನೆ, ಬೆಳಿಗ್ಗೆ ಹಂಚುತ್ತೇನೆ. ಹಲ್ಲಿನ ಸಂದಿಯಲ್ಲಿ ಏನೇನು ಕಚ್ಚಿಕೊಂಡಿರುತ್ತದೆ ಎಂದು ನಿನಗೆ ಬರೆಯುವುದಿಲ್ಲ. ಮೊದಲ ಆರು ತಿಂಗಳು ಮಾತ್ರ ಹೊಟ್ಟೆ ತೊಳಸುತ್ತದೆ ಎಂದು ಹಳಬರು ಹೇಳಿದ್ದರು. ಹಸಿ ಸುಳ್ಳು. ಹದಿನಾಲ್ಕು ವರ್ಷವಾಯಿತು, ಇವತ್ತಿಗೂ ಮೊದಲನೇ ಡಬ್ಬಿಯ ಮುಚ್ಚಳ ತೆಗೆಯುವಾಗ ಉಸಿರು ಹಿಡಿದುಕೊಳ್ಳುತ್ತೇನೆ.

ಡಬ್ಬಿಯ ತಳದಲ್ಲಿ ಒಂದೊಂದು ಸಂಖ್ಯೆ ಅಚ್ಚೊತ್ತಿದೆ. ಯಾವುದು ಯಾರದ್ದು ಎನ್ನುವುದು ನನಗೆ ಬಾಯಿಪಾಠ. ಸಂಖ್ಯೆಯೂ ಬೇಕಿಲ್ಲ, ಹಲ್ಲು ನೋಡಿದರೆ ಮುಖ ಕಣ್ಣಿಗೆ ಬರುತ್ತದೆ. ಆದರೆ ಮ್ಯಾನೇಜರಿಗೆ ಇದು ಸಿಸ್ಟಮ್ ಅಲ್ಲ. ದಿನಾ ಡಬ್ಬಿಗೆ ಅಂಟಿಸುವ ಚೀಟಿಗಳನ್ನು ಕಂಪ್ಯೂಟರಿನಲ್ಲಿ ಮುದ್ರಿಸಬೇಕಂತೆ. "ನೀವು ಹತ್ತನೇ ಕ್ಲಾಸ್ ಪಾಸಾಗಿದೀರಲ್ಲ, ಕಲೀರಿ. ಈ ತಿಂಗಳಲ್ಲಿ ಮಾಡಿ ತೋರ್ಸಿದ್ರೆ ಆಫೀಸಲ್ಲಿ ಕೂರಿಸ್ತೀನಿ, ಹಲ್ಲು ತೊಳೆಯೋಕೆ ಬೇರೆಯವ್ರು ಬರ್ತಾರೆ" ಎಂದರು. ಗುಬ್ಬಿ, ಆ ಮಾತು ಕೇಳಿ ನನಗೆ ಅಳುವೇ ಬಂತು. ಆ ಕುರ್ಚಿ ನನಗೆ ಬೇಕು.

ಡೌಟು ಇದು. ಪ್ರೋಗ್ರಾಮಿಂಗ್ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು, ಚೀಟಿ ಮುದ್ರಿಸು ಎಂದು ಕಂಪ್ಯೂಟರಿಗೆ ಹೇಳುವ ಸಾಲುಗಳನ್ನು ಬರೆಯಲು ಕೂತೆ. ಚೌಕದ ಬ್ರಾಕೆಟ್ಟಿನೊಳಗೆ ಎಲ್ಲರ ಡಬ್ಬಿ ಸಂಖ್ಯೆ ಬರೆದು ಅದಕ್ಕೆ ‘ಹಲ್ಲು’ ಎಂದು ಹೆಸರಿಟ್ಟೆ. ಆಮೇಲೆ ಹಲ್ಲು, ಬ್ರಾಕೆಟ್ಟು, ‘ಮೇಷ್ಟರು’ ಎಂದು ಕೇಳಿದೆ. ಏಳನೇ ಹಾಸಿಗೆಯವರು ಮೇಷ್ಟರು, ಅವರ ಡಬ್ಬಿ ಕೊಡಪ್ಪಾ ಎಂದು. ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಬೈಯಿತು. ಹೆಸರು ಬೇಡ, ಸಂಖ್ಯೆ ಹೇಳು ಎನ್ನುತ್ತದೆ. ನನ್ನ ಹತ್ತಿರ ಇರುವ ಪುಸ್ತಕದಲ್ಲಿ ಲಿಸ್ಟ್ ಅಂತ ಒಂದು ಪಾಠ, ಡಿಕ್ಷನರಿ ಅಂತ ಇನ್ನೊಂದು. ಎರಡರಲ್ಲೂ ಬ್ರಾಕೆಟ್ಟು, ಅಲ್ಪವಿರಾಮ. ಯಾವುದು ಯಾವುದೆಂದು ತಲೆಬುಡ ತಿಳಿಯದು. ಹೆಸರು ಹಿಡಿದು ಕರೆದರೆ ಬರಬೇಕು, ಅಷ್ಟೇ ನನಗೆ ಬೇಕಾಗಿರುವುದು. ಬರೆದು ತಿಳಿಸು.

ಇಂತಿ,
ಅಮ್ಮ


ಜೂನ್ 12

ಅಮ್ಮ,

ಲಕೋಟೆಯ ಮೇಲೆ ‘ಗುಬ್ಬಿ’ ಎಂದು ಬರೆಯಬೇಡ. ಆಫೀಸಿನಲ್ಲಿ ನಾಲ್ಕು ಜನರ ಕೈ ದಾಟಿ ಬಂತು. ಹಲ್ಲು, ಡಬ್ಬಿ, ಸಂದಿ ಇವನ್ನೆಲ್ಲ ಇಷ್ಟು ವಿವರವಾಗಿ ಬರೆಯುವ ಅಗತ್ಯವೂ ಇರಲಿಲ್ಲ. ನಾನು ಊಟದ ಹೊತ್ತಿನಲ್ಲಿ ಓದಿದೆ.

ನೀನು ಮಾಡಿದ್ದು ಲಿಸ್ಟ್. ಲಿಸ್ಟಿಗೆ ಹೆಸರು ಗೊತ್ತಿರುವುದಿಲ್ಲ, ಯಾರು ಎಷ್ಟನೆಯವರು ಎನ್ನುವುದು ಮಾತ್ರ ಗೊತ್ತಿರುತ್ತದೆ. ಅದೂ ಸೊನ್ನೆಯಿಂದ ಎಣಿಕೆ. ಏಳನೇ ಹಾಸಿಗೆಯವರು ಅದಕ್ಕೆ ಆರು. ಹೆಸರು ಹಿಡಿದು ಕೇಳುವುದು ಡಿಕ್ಷನರಿಯಲ್ಲಿ. ಎಲ್ಲ ಹೊಸಬರೂ ಈ ಎರಡನ್ನು ಕಲಸಿಕೊಳ್ಳುತ್ತಾರೆ, ನನ್ನ ತರಗತಿಯಲ್ಲೂ ಪ್ರತಿ ಬ್ಯಾಚಿನಲ್ಲಿ ಇದೇ ಗೋಳು.

ಡಿಕ್ಷನರಿ ನಿನಗೆ ಈಗ ಬೇಡ. ಹತ್ತೊಂಬತ್ತು ಜನಕ್ಕೆ ಅಷ್ಟೆಲ್ಲ ಬೇಕಾಗಿಲ್ಲ. ಎರಡು ಲಿಸ್ಟ್ ಮಾಡು. ಒಂದರಲ್ಲಿ ಹಾಸಿಗೆಯ ಕ್ರಮದಲ್ಲಿ ಹೆಸರು, ಇನ್ನೊಂದರಲ್ಲಿ ಅದೇ ಕ್ರಮದಲ್ಲಿ ಡಬ್ಬಿ ಸಂಖ್ಯೆ. ಎರಡನ್ನೂ ಜೋಡಿಸಿ ಮುದ್ರಿಸುವ ಸಾಲುಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಹಾಗೇ ನೋಡಿ ಬರೆ, ನಿನ್ನ ಬುದ್ಧಿ ಸೇರಿಸಬೇಡ.

ಆ ಕೆಲಸದಿಂದ ನೀನು ಬಿಡಿಸಿಕೊಂಡರೆ ನನಗೂ ಒಳ್ಳೆಯದೇ.

ನಿನ್ನ ಮಗಳು


ಜುಲೈ 1

ಪ್ರೀತಿಯ ಮಗಳೇ,

ಗುಬ್ಬಿ ಎಂದು ಬರೆಯಲಿಲ್ಲ, ನೋಡು.

ನಿನ್ನ ಸಾಲುಗಳನ್ನು ಅಕ್ಷರ ಬಿಡದೆ ಬರೆದೆ. ಚೀಟಿಗಳು ಬಂದವು. ‘ಡಬ್ಬಿ 23 – ಮೇಷ್ಟರು’, ‘ಡಬ್ಬಿ 11 – ಡ್ರೈವರ್ ತಾತ’, ‘ಡಬ್ಬಿ 40 – ಟೈಲರ್ ತಾತ’, ಹೀಗೆ ಹತ್ತೊಂಬತ್ತು. ಮ್ಯಾನೇಜರ್ ಚೀಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಅದರಲ್ಲಿ ಏನು ಕಂಡರೋ. ಈಗ ನಾನು ಆಫೀಸಿನಲ್ಲಿ ಕೂರುತ್ತೇನೆ. ಸದ್ಯಕ್ಕೆ ಪರೀಕ್ಷಾರ್ಥವಂತೆ, ಸೆಪ್ಟೆಂಬರಿಗೆ ಕಾಯಂ. ಹಲ್ಲು ತೊಳೆಯಲು ಗುತ್ತಿಗೆಯವರ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಾಳೆ. ನಲವತ್ತು ದಾಟಿದವಳು, ಮುಖ ಗಂಟು ಹಾಕಿಕೊಂಡೇ ಇರುತ್ತಾಳೆ. ಹಲ್ಲಿನ ಮುಖ ನೋಡುವುದಿಲ್ಲ, ಚೀಟಿಯ ಮುಖ ನೋಡಿ ಕೊಡುತ್ತಾಳೆ. ಅವಳನ್ನು ಯಾಕೆ ಬೈಯಲಿ. ನನಗೂ ಮೊದಲು ಹಾಗೇ ಇತ್ತು.

ನನ್ನ ಬೆರಳಿನ ತುದಿಯ ಸುಕ್ಕು ಹೋಗಿ ಚರ್ಮ ಸರಿಯಾಗುತ್ತಿದೆ. ಮೊನ್ನೆ ಬಸ್ಸಿನಲ್ಲಿ ಪಕ್ಕದವಳು ಕೈ ನೋಡಿ, "ಮೇಡಂ, ನೀವು ಟೀಚರಾ?" ಎಂದು ಕೇಳಿದಳು. ನಾನು ಹೂಂ ಎಂದುಬಿಟ್ಟೆ. ಆಮೇಲೆ ಇಳಿಯುವವರೆಗೂ ಬಾಯಿ ತೆರೆಯಲಿಲ್ಲ, ಯಾವ ಪಾಠ ಮಾಡುತ್ತೀರಿ ಎಂದು ಕೇಳಿಬಿಟ್ಟಾಳು ಎಂದು.

ಒಂದು ವಿಷಯ. ಆರನೇ ಹಾಸಿಗೆಯ ಡ್ರೈವರ್ ತಾತನಿಗೆ ಚೆನ್ನಾಗಿಲ್ಲ. ಉಸಿರು ಗೊರಗೊರ ಎನ್ನುತ್ತಿದೆ. ಒಳ್ಳೆಯ ನಗುಮುಖದ ಮನುಷ್ಯ, ಆಸ್ಪತ್ರೆಗೆ ಸೇರಿಸಬಹುದು ಅಥವಾ ಏನಾದರೂ ಆಗಬಹುದು. ಯಾರಾದರೂ ಇಲ್ಲವಾದರೆ ಕೋಡಿನಲ್ಲಿ ಏನು ಮಾಡಬೇಕು? ಮತ್ತೆ, ಡಿಕ್ಷನರಿ ಯಾವಾಗ ಹೇಳಿಕೊಡುತ್ತೀಯ? ನನ್ನ ತಲೆಯಲ್ಲಿ ಯಾಕೋ ಎಲ್ಲರೂ ಹೆಸರಿನಿಂದಲೇ ಇದ್ದಾರೆ, ಎಷ್ಟನೆಯವರು ಎಂದು ಕೇಳಿದರೆ ಬೆರಳು ಮಡಿಸಬೇಕಾಗುತ್ತದೆ.

ಅಮ್ಮ


ಜುಲೈ 9

ಅಮ್ಮ,

ಯಾರಾದರೂ ಹೋದರೆ ಹೆಸರಿನ ಲಿಸ್ಟಿನಿಂದ ಆ ಹೆಸರನ್ನು ರಿಮೂವ್ ಮಾಡು. ಒಂದೇ ಸಾಲು, ಕೆಳಗೆ ಬರೆದಿದ್ದೇನೆ. ಅಷ್ಟೇ. ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಡಿಕ್ಷನರಿಗೆ ಅವಸರವೇನು? ಓಡುತ್ತಿರುವುದನ್ನು ಕೆಡಿಸಿಕೊಳ್ಳಬೇಡ. ನನಗೆ ಈ ತಿಂಗಳು ಮೂರು ಬ್ಯಾಚು, ಸಂಜೆಯದೂ ಸೇರಿ. ಕಾಗದ ಬರೆಯಲು ಪುರುಸೊತ್ತಿಲ್ಲ.

ನಿನ್ನ ಮಗಳು


ಆಗಸ್ಟ್ 4

ಮಗಳೇ,

ಇದನ್ನು ಊಟದ ಹೊತ್ತಿನಲ್ಲಿ ಓದಬೇಡ. ಆದರೆ ಪೂರ್ತಿ ಓದು.

ಜುಲೈ ಇಪ್ಪತ್ತೆರಡಕ್ಕೆ ಡ್ರೈವರ್ ತಾತ ತೀರಿಕೊಂಡರು. ನಾನು ಆಫೀಸಿನಲ್ಲಿ ಕೂತು, ನೀನು ಬರೆದುಕೊಟ್ಟ ಆ ಒಂದು ಸಾಲು ಹೊಡೆದು ಹೆಸರು ತೆಗೆದೆ. ಮರುದಿನ ಹದಿನೆಂಟು ಚೀಟಿ ಬಂದವು. ಒಂದು ಡಬ್ಬಿಗೆ ಚೀಟಿ ಇರಲಿಲ್ಲ. ಚೀಟಿ ಇಲ್ಲದ ಡಬ್ಬಿ ಸತ್ತವರದ್ದು, ಇನ್ನೇನು? ಅದನ್ನು ಅವರ ಬಟ್ಟೆ, ಚಪ್ಪಲಿ, ಕನ್ನಡಕದ ಜೊತೆ ಗಂಟು ಕಟ್ಟಿ ಮಗನ ಕೈಗೆ ಕೊಟ್ಟರು.

ಆಮೇಲೆ ವಾರ್ಡಿನಲ್ಲಿ ಒಬ್ಬೊಬ್ಬರೇ ಗೊಣಗಲು ಶುರು ಮಾಡಿದರಂತೆ. ಒಬ್ಬರಿಗೆ ಸಡಿಲ, ಒಬ್ಬರಿಗೆ ಬಿಗಿ, ಒಬ್ಬರು ಹಾಕಿಕೊಂಡ ಕೂಡಲೇ ಕಾರಿಕೊಂಡರು. ದಾದಿಯರು ಮ್ಯಾನೇಜರಿಗೆ ಹೇಳಿದರೆ, "ವಯಸ್ಸಾದಂಗೆ ಒಸಡು ಕುಗ್ಗುತ್ತೆ, ಗಂಜಿ ಕೊಡಿ" ಎಂದರಂತೆ. ಗಂಜಿ ಕೊಟ್ಟರು. ಹನ್ನೆರಡು ಜನ ಹಲ್ಲು ಡಬ್ಬಿಯಲ್ಲೇ ಬಿಟ್ಟು ಗಂಜಿ ಕುಡಿದರು. ಮೇಷ್ಟರು ಮಾತ್ರ ಬಿಡಲಿಲ್ಲ. ಬೊಕ್ಕಬಾಯಲ್ಲಿ ಜನರೆದುರು ಕೂರುವುದು ಅವರಿಗೆ ಆಗದು. ನೋವನ್ನು ನುಂಗಿಕೊಂಡು ಒಂಬತ್ತು ದಿನ ಹಾಕಿಕೊಂಡರು.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಆಫೀಸು ಕೆಳಗೆ, ವಾರ್ಡು ಮೇಲೆ, ನಾನು ಕುರ್ಚಿಯ ಸುಖದಲ್ಲಿದ್ದೆ. ಮೊನ್ನೆ ಶುಕ್ರವಾರ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಮೇಲೆ ಹೋದೆ. ಮೇಷ್ಟರು ನನ್ನನ್ನು ಕಂಡು, "ಬಂದ್ಯಾ ತಾಯಿ, ಆಫೀಸರಮ್ಮ ಆಗ್ಬಿಟ್ಟೆ" ಎಂದು ನಕ್ಕರು. ಗುಬ್ಬಿ, ಅದು ಡ್ರೈವರ್ ತಾತನ ನಗು. ಸೋಡಾ ಬಾಟಲಿಯ ಮುಚ್ಚಳ ಕಚ್ಚಿ ತೆಗೆಯಲು ಹೋಗಿ ಮುರಿದುಕೊಂಡ ಆ ಮುಂದಿನ ಹಲ್ಲಿನ ಮೂಲೆ, ಅದನ್ನು ನಾನು ಐದು ವರ್ಷ ಉಜ್ಜಿದ್ದೇನೆ. ಸತ್ತವನ ಹಲ್ಲು ಬದುಕಿದವನ ಬಾಯಲ್ಲಿ ನನ್ನನ್ನು ನೋಡಿ ನಗುತ್ತಿತ್ತು. 

ತೆಗೆಸಿ ನೋಡಿದೆ. ಮೇಲಿನ ಒಸಡಿನಲ್ಲಿ ಬೆರಳಗಲದ ಹುಣ್ಣು, ಕೀವು ತುಂಬಿ ಹಳದಿಯಾಗಿದೆ. ವಾಸನೆಗೆ ಪಕ್ಕದ ಹಾಸಿಗೆಯವರು ಮುಖ ತಿರುಗಿಸಿಕೊಂಡು ಮಲಗುತ್ತಿದ್ದರಂತೆ. ನಾನು ಡಬ್ಬಿಗಳನ್ನೆಲ್ಲ ತೆರೆದೆ. ಎಂಟನೆಯವರದ್ದರಲ್ಲಿ ಮೇಷ್ಟರ ಹಲ್ಲು, ಒಂಬತ್ತನೆಯವರದ್ದರಲ್ಲಿ ಎಂಟನೆಯವರದ್ದು, ಹೀಗೆ ಕೊನೆಯವರೆಗೂ ಒಂದೊಂದು ಜರುಗಿವೆ.

ಯಾಕೆ ಎಂದು ಹೇಳುತ್ತೇನೆ, ನಿನಗೆ ಆಗಲೇ ಹೊಳೆದಿರಬೇಕು. ಹೆಸರಿನ ಲಿಸ್ಟಿನಿಂದ ಡ್ರೈವರ್ ತಾತ ಹೋದರು. ಅವರ ಕೆಳಗಿದ್ದವರೆಲ್ಲ ಒಂದು ಮೆಟ್ಟಿಲು ಮೇಲೆ ಬಂದರು. ಡಬ್ಬಿಯ ಲಿಸ್ಟಿನಿಂದ ಅವರ ಡಬ್ಬಿ ಹೋಗಲಿಲ್ಲ. ಅದನ್ನೂ ತೆಗೆಯಬೇಕೆಂದು ನೀನು ಬರೆದಿರಲಿಲ್ಲ, ನನಗೆ ಹೊಳೆಯಲಿಲ್ಲ. ಮೇಷ್ಟರು ಆರನೆಯವರಾಗಿ ಲಿಸ್ಟಿನ ಆರನೇ ಡಬ್ಬಿಯನ್ನು, ಅಂದರೆ ಡ್ರೈವರ್ ತಾತನದನ್ನು ಪಡೆದರು. ಕೊನೆಗೆ ಜೋಡಿ ಸಿಗದೆ ಉಳಿದ ಡಬ್ಬಿಯನ್ನು ಕಂಪ್ಯೂಟರು ಸದ್ದಿಲ್ಲದೆ ಬಿಟ್ಟುಬಿಟ್ಟಿತು. ಕೆಂಪು ಅಕ್ಷರ ಇಲ್ಲ, ಬೈಗುಳ ಇಲ್ಲ. ಹೆಸರು ಹಿಡಿದು ಕೇಳಿದಾಗ ಅಷ್ಟು ಬೈದದ್ದು, ಹದಿಮೂರು ಜನರ ಬಾಯಿ ಅದಲುಬದಲಾದಾಗ ಬಾಯಿ ಮುಚ್ಚಿಕೊಂಡಿತ್ತು.

ಉಳಿದ ಆ ಡಬ್ಬಿ ಹತ್ತೊಂಬತ್ತನೇ ಹಾಸಿಗೆಯ ಟೈಲರ್ ತಾತನದು. ಅವರಿಗೆ ನೆನಪು ಕೈಕೊಟ್ಟಿದೆ, ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಗೊತ್ತಿರುವುದಿಲ್ಲ. ಡ್ರೈವರ್ ತಾತನ ಮಗನಿಗೆ ಫೋನ್ ಮಾಡಿದೆ. "ಸತ್ತೋರ ಹಲ್ಲು ಇಟ್ಕೊಂಡು ಏನ್ ಮಾಡ್ಲಿ? ದಾರೀಲೇ ಕಸದ ತೊಟ್ಟಿಗೆ ಎಸೆದೆ" ಎಂದ. ಟೈಲರ್ ತಾತನ ಹಲ್ಲು ಇನ್ನಿಲ್ಲ.

ಮ್ಯಾನೇಜರ್ ಏನು ಮಾಡಿದರು ಗೊತ್ತಾ? ಮೇಷ್ಟರ ಬಾಯಿ ನೋಡಲು ಮೇಲೆ ಬರಲೇ ಇಲ್ಲ. ಬಾಗಿಲು ಹಾಕಿಕೊಂಡು ಒಂದು ಹೇಳಿಕೆ ಬರೆದರು. ಹತ್ತೊಂಬತ್ತನೇ ಹಾಸಿಗೆಯ ವೃದ್ಧರು ಮರೆವಿನ ಕಾಯಿಲೆಯಿಂದ ಓಡಾಡುತ್ತ ಡಬ್ಬಿಗಳನ್ನು ಅದಲುಬದಲು ಮಾಡಿರುತ್ತಾರೆ, ತಮ್ಮದನ್ನು ತಾವೇ ಕಳೆದುಕೊಂಡಿರುತ್ತಾರೆ, ನಾನು ಕಣ್ಣಾರೆ ನೋಡಿರುತ್ತೇನೆ ಎಂದು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಸಹಿ ಹಾಕಿದರೆ ಸೆಪ್ಟೆಂಬರಿನವರೆಗೂ ಕಾಯುವುದು ಬೇಡ, ಕುರ್ಚಿ ಈಗಲೇ ಕಾಯಂ. ಆಶ್ರಮ ನಡೆಸುವ ಟ್ರಸ್ಟಿನವರು ಕೇಳುವ ಮೊದಲೇ ಟೈಲರ್ ತಾತನನ್ನು ಮೂರನೇ ಮಹಡಿಯ ಕೋಣೆಗೆ ಸಾಗಿಸಿಬಿಟ್ಟಿದ್ದಾರೆ. ಅದಕ್ಕೆ ಹೊರಗಿನಿಂದ ಬೀಗ. ರೇಗಾಡುವವರನ್ನು, ಹೊಡೆಯುವವರನ್ನು ಇಡುವ ಕೋಣೆ. ನಾನು ಸಹಿ ಹಾಕಿದರೆ ಅವರು ಇನ್ನು ಸಾಯುವವರೆಗೂ ಅಲ್ಲೇ.

ಕಾಗದ ನನ್ನ ಚೀಲದಲ್ಲಿದೆ. ಹತ್ತು ದಿನ ಟೈಮು ಕೊಟ್ಟಿದ್ದಾರೆ. ಏನು ಮಾಡಲಿ, ಹೇಳು.

ಅಮ್ಮ


ಆಗಸ್ಟ್ 9

ಅಮ್ಮ,

ಕಾಗದ ಪೂರ್ತಿ ಓದಿದೆ. ಮೊದಲು ಇದನ್ನು ಹೇಳು, ಕೋಡು ಬರೆದುಕೊಟ್ಟದ್ದು ನಾನು ಎಂದು ಯಾರಿಗಾದರೂ ಹೇಳಿದ್ದೀಯಾ? ನನ್ನ ಕಾಗದಗಳು ಎಲ್ಲಿವೆ? ಇದ್ದರೆ ಹರಿದುಹಾಕು. ನಾನಿಲ್ಲಿ ಕಲಿಸುವವಳು. ನನ್ನ ಕೈಯಿಂದ ಇಂಥ ತಪ್ಪಾಗಿದೆ ಎಂದು ನಿರ್ದೇಶಕರಿಗೆ ಗೊತ್ತಾದರೆ ನಾಳೆ ನನ್ನನ್ನು ತರಗತಿಗೆ ಬಿಡುವುದಿಲ್ಲ.

ಸಹಿ ಹಾಕು, ಅಮ್ಮ. ಯೋಚಿಸಿಯೇ ಹೇಳುತ್ತಿದ್ದೇನೆ. ಆ ತಾತನಿಗೆ ನೆನಪೇ ಇಲ್ಲ ಎಂದು ನೀನೇ ಬರೆದಿದ್ದೀಯ. ಕೆಳಗಿನ ಮಹಡಿಯೇನು, ಮೇಲಿನ ಮಹಡಿಯೇನು, ಅವರಿಗೆ ಯಾವ ವ್ಯತ್ಯಾಸ? ಊಟ ಕೊಡುತ್ತಾರೆ, ಹಾಸಿಗೆ ಇದೆ. ನಿನಗಾದರೆ ಹದಿನಾಲ್ಕು ವರ್ಷದ ಆ ಹೊಲಸಿನಿಂದ ಬಿಡುಗಡೆ. ಇನ್ನೊಂದು ಸಲ ಆ ಅವಕಾಶ ಬರುವುದಿಲ್ಲ.

ಮೇಷ್ಟರ ಹುಣ್ಣಿನ ವಿಷಯ ಅಷ್ಟೊಂದು ಬರೆಯಬಾರದಿತ್ತು. ನನಗೆ ಎರಡು ದಿನ ಊಟ ಸೇರಲಿಲ್ಲ.

ನಿನ್ನ ಮಗಳು


ಆಗಸ್ಟ್ 17

ಮಗಳೇ,

ನಿನ್ನ ಹೆಸರು ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ನಿನ್ನ ಕಾಗದಗಳನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ನೀನೇ ಹರಿದುಕೋ.

ಒಂಬತ್ತನೇ ತರಗತಿಯಲ್ಲಿದ್ದಾಗ ನೀನು, ನಾನು ಬಡಿಸಿಟ್ಟ ತಟ್ಟೆಯ ಅಂಚನ್ನು ಸೋಪು ಹಾಕಿ ಒರೆಸಿ ಆಮೇಲೆ ಊಟಕ್ಕೆ ಕೂರುತ್ತಿದ್ದೆ. ನಾನು ನೋಡುವುದಿಲ್ಲ ಎಂದು ನೀನು ಅಂದುಕೊಂಡಿದ್ದೆ. ನೋಡುತ್ತಿದ್ದೆ. ಮನೆ ಬಿಟ್ಟು ಹೋಗುವ ದಿನ ನೀನು ಬಾಗಿಲಲ್ಲಿ ನಿಂತು, "ನಿನ್ನ ಕೈ ವಾಸನೆ ನನ್ನ ಬಟ್ಟೆಗೂ ಅಂಟಿಕೊಂಡಿದೆ" ಎಂದೆ. ನನಗೆ ನಿನ್ನ ಮೇಲೆ ಕೋಪ ಬಂದಿರಲಿಲ್ಲ. ಹೇಸಿಗೆಯ ಕೆಲಸವೇ ಅದು, ಹೇಸಿಕೊಂಡರೆ ತಪ್ಪೇನು ಎಂದುಕೊಂಡೆ. ಇವಳ ಕೈಯಾದರೂ ಶುದ್ಧವಾಗಿರಲಿ ಎಂದು ಓದಿಸಿದವಳು ನಾನೇ.

ಆದರೆ ನಿನ್ನ ಒಂಬತ್ತನೇ ತಾರೀಕಿನ ಕಾಗದ ಓದಿ ನನಗೆ ಮೊದಲ ಸಲ ನಿನ್ನ ಮೇಲೆ ಅಸಹ್ಯ ಹುಟ್ಟಿತು. ಒಬ್ಬರ ಬಾಯಿಯ ಹುಣ್ಣಿನ ಬಗ್ಗೆ ಓದಿದರೆ ನಿನಗೆ ಊಟ ಸೇರುವುದಿಲ್ಲ. ಒಬ್ಬ ಮುದುಕನನ್ನು ಬೀಗ ಹಾಕಿ ಇಡಿ ಎಂದು ಬರೆಯುವಾಗ ಸೇರುತ್ತದೆ. ಮೇಲೇನು ಕೆಳಗೇನು ಎಂದು ಬರೆದಿದ್ದೀಯ. ಅವರು ಎಚ್ಚರವಿರುವಷ್ಟು ಹೊತ್ತೂ ಕಿಟಕಿಯ ಹತ್ತಿರ ನಿಂತು, ಬೀದಿಯಲ್ಲಿ ಹೋಗುವವರ ಅಂಗಿಯ ಹೊಲಿಗೆ ಚೆನ್ನಾಗಿಲ್ಲ ಎಂದು ಬೈಯುತ್ತಾರೆ. ಅದೊಂದೇ ಅವರಿಗೆ ಮರೆತಿಲ್ಲ. ಮೂರನೇ ಮಹಡಿಯ ಕೋಣೆಗೆ ಕಿಟಕಿ ಇಲ್ಲ.

ನಾನು ಸಹಿ ಹಾಕಲಿಲ್ಲ. ನನ್ನದೇ ಹೇಳಿಕೆ ಬರೆದು ಕೊಟ್ಟೆ. ಚೀಟಿ ಮುದ್ರಿಸಿದವಳು ನಾನು, ತಪ್ಪು ಸಾಲು ಸೇರಿಸಿದವಳು ನಾನು, ಟೈಲರ್ ತಾತ ಯಾವ ಡಬ್ಬಿಯನ್ನೂ ಮುಟ್ಟಿಲ್ಲ ಎಂದು. ಮ್ಯಾನೇಜರ್ ಅದನ್ನು ಎರಡು ಸಲ ಓದಿ ಮಡಚಿ ಮೇಜಿನ ಖಾನೆಗೆ ಹಾಕಿದರು. "ಇದು ಯಾರ್ಗೂ ತಲ್ಪಲ್ಲ ಬಿಡಿ" ಎಂದರು, ಹಲ್ಲು ಕಿರಿದುಕೊಂಡು. ಅವರು ಬರೆದ ಹೇಳಿಕೆಗೆ ಸಂಜೆಯೊಳಗೆ ಗುತ್ತಿಗೆಯ ಹೆಂಗಸಿನ ಸಹಿ ಬಿತ್ತು. ಪಾಪ, ಅವಳ ಕೆಲಸಕ್ಕೆ ಕುತ್ತು ಬರುತ್ತದೆ ಎಂದಿದ್ದರಂತೆ. ಟ್ರಸ್ಟಿಗೆ ಹೋದದ್ದು ಅದೇ. ಟೈಲರ್ ತಾತ ಮೇಲೇ ಇದ್ದಾರೆ. ನಾನು ಬಚ್ಚಲಿನ ಕಲ್ಲಿನ ಮುಂದೆ ಇದ್ದೇನೆ, ಕೈಯಲ್ಲಿ ಬ್ರಷ್ಷು. ಮೂರನೇ ಮಹಡಿಗೆ ಹತ್ತಬಾರದು ಎಂದು ನನಗೆ ಲಿಖಿತ ಆದೇಶ.

ಮೇಷ್ಟರ ಹುಣ್ಣು ಒಣಗುತ್ತಿದೆ. ಉಳಿದವರ ಹಲ್ಲುಗಳನ್ನು ಅವರವರಿಗೆ ಸೇರಿಸಿದೆ, ಚೀಟಿ ನೋಡದೆ, ಹಲ್ಲು ನೋಡಿ.

ಡಿಕ್ಷನರಿಯನ್ನು ನಾನೇ ಕಲಿತೆ. ಪುಸ್ತಕದ ಆ ಪಾಠವನ್ನು ನಾಲ್ಕು ಸಲ ಓದಿದೆ. ಬಳುಕು ಬ್ರಾಕೆಟ್ಟಿನೊಳಗೆ ಹೆಸರು, ಎರಡು ಚುಕ್ಕೆ, ಅವರ ಡಬ್ಬಿ. ಹೆಸರು ಹಿಡಿದು ಕರೆದರೆ ಅವರದೇ ಬರುತ್ತದೆ. ಒಬ್ಬರನ್ನು ತೆಗೆದರೆ ಅವರ ಡಬ್ಬಿಯೂ ಅವರ ಜೊತೆಗೇ ಹೋಗುತ್ತದೆ, ಪಕ್ಕದವರು ಮಿಸುಕುವುದೂ ಇಲ್ಲ. ಒಂದು ಪುಟದ ಪಾಠ. ಇದನ್ನು ಹೇಳಿಕೊಡಲು ನಿನಗೆ ಪುರುಸೊತ್ತಿರಲಿಲ್ಲ. ಈಗ ನನ್ನನ್ನು ಕಂಪ್ಯೂಟರಿನ ಹತ್ತಿರ ಬಿಡುವುದಿಲ್ಲ, ಆದರೂ ಕಾಗದದ ಮೇಲೆ ಬರೆದಿಟ್ಟಿದ್ದೇನೆ.

ಇನ್ನು ನನಗೆ ಡೌಟಿಲ್ಲ. ಬರೆಯಬೇಡ.

ಅಮ್ಮ


ಸೆಪ್ಟೆಂಬರ್ 29

ಅಮ್ಮ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ಓದದೆ ಎಸೆದರೆ ನಾನು ಏನೂ ಅನ್ನುವ ಹಾಗಿಲ್ಲ.

ಲಕೋಟೆಯಲ್ಲಿದ್ದ ನನ್ನ ಕಾಗದಗಳನ್ನು ಹರಿಯಲು ಕೂತೆ. ಹರಿಯುವ ಮೊದಲು ಓದಿದೆ. ‘ನಿನ್ನ ಬುದ್ಧಿ ಸೇರಿಸಬೇಡ’ ಎಂದು ಬರೆದಿದ್ದೇನೆ. ಅದನ್ನು ಬರೆದ ವಾರವೇ ತರಗತಿಯಲ್ಲಿ ನಿನ್ನ ಕಥೆ ಹೇಳಿದ್ದೆ. ಒಬ್ಬ ಹೆಂಗಸು ಇದ್ದಾಳೆ, ಲಿಸ್ಟಿನ ಮುಂದೆ ನಿಂತು ಮೇಷ್ಟ್ರೇ ಮೇಷ್ಟ್ರೇ ಎಂದು ಕೂಗುತ್ತಾಳೆ ಎಂದು. ಮೂವತ್ತು ಜನ ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಆ ಹೆಂಗಸು ಯಾರೆಂದು ಹೇಳಲಿಲ್ಲ. ಹೆಸರು ಹಿಡಿದು ಕೇಳಬೇಕೆಂಬ ನಿನ್ನ ಬುದ್ಧಿಯೇ ಸರಿ ಇತ್ತು, ನಾನು ಕಲಿಸಿದ್ದು ತಪ್ಪಿತ್ತು. ನೆನಸಿಕೊಂಡರೆ ನನ್ನ ನಾಲಿಗೆಯನ್ನೇ ಉಜ್ಜಿ ತೊಳೆಯಬೇಕೆನ್ನಿಸುತ್ತದೆ.

ಕಾಗದಗಳನ್ನು ಹರಿಯಲಿಲ್ಲ. ತಿಂಗಳು ಹಿಡಿಯಿತು ಧೈರ್ಯ ಬರಲು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಟ್ರಸ್ಟಿನವರಿಗೆ ಬರೆದೆ, ಆ ಸಾಲು ನನ್ನದು ಎಂದು, ನನ್ನ ಸಹಿ, ನನ್ನ ಕೇಂದ್ರದ ವಿಳಾಸ ಎಲ್ಲ ಹಾಕಿ. ಕರೆದರು. ನಿನ್ನ ರಜೆಯ ದಿನ ಯಾವುದೆಂದು ವಿಚಾರಿಸಿಕೊಂಡು ಅವತ್ತೇ ಬಂದೆ. ನಿನ್ನೆದುರು ನಿಲ್ಲುವಷ್ಟು ಮುಖ ನನಗೆ ಇರಲಿಲ್ಲ.

ಮೂವರು ಟ್ರಸ್ಟಿಗಳು, ಪಕ್ಕದಲ್ಲಿ ಮ್ಯಾನೇಜರ್. ಬಾಯಲ್ಲಿ ಹೇಳಿದರೆ ಅವರಿಗೆ ಅರ್ಥವಾಗಲಿಲ್ಲ. ಮೇಜಿನ ಮೇಲೆ ಹತ್ತೊಂಬತ್ತು ಕಾಗದದ ಚೂರುಗಳನ್ನು ಒಂದು ಸಾಲಿಗೆ ಇಟ್ಟೆ, ಅದರ ಕೆಳಗೆ ಇನ್ನೂ ಹತ್ತೊಂಬತ್ತು. ಮೇಲಿನ ಸಾಲಿನಿಂದ ಆರನೆಯದನ್ನು ತೆಗೆದು ಉಳಿದವನ್ನು ಎಡಕ್ಕೆ ಸರಿಸಿದೆ. ಕೊನೆಗೆ ಕೆಳಗಿನ ಸಾಲಿನಲ್ಲಿ ಒಂದು ಚೂರು ಒಂಟಿಯಾಗಿ ಉಳಿಯಿತು. ಟ್ರಸ್ಟಿಗಳಲ್ಲಿ ಕನ್ನಡಕದ ಹೆಂಗಸೊಬ್ಬರು ಅದನ್ನೇ ನೋಡುತ್ತ ಕೂತಿದ್ದರು. "ಅಂದ್ರೆ ಆ ತಾತ ಏನೂ ಮಾಡಿಲ್ವಾ?" ಎಂದು ಕೇಳಿದರು. ಏನೂ ಮಾಡಿಲ್ಲ ಎಂದೆ. ಮ್ಯಾನೇಜರ್ ಬಿಸ್ಕತ್ತು ಅಗಿಯುತ್ತ, "ಮನುಷ್ಯರಲ್ವಾ ಮೇಡಂ, ಹೆಚ್ಚುಕಮ್ಮಿ ಆಗುತ್ತೆ" ಎಂದರು. ತುಟಿಯ ಮೇಲೆ ಪುಡಿ ಮೆತ್ತಿಕೊಂಡಿತ್ತು. ಆ ಮನುಷ್ಯನನ್ನು ನೋಡಿದರೆ ವಾಕರಿಕೆ ಬರುತ್ತಿತ್ತು. ನಾನು ನಿನಗೆ ಬರೆದದ್ದಕ್ಕೂ ಅವರು ಹೇಳಿದ್ದಕ್ಕೂ ಏನು ವ್ಯತ್ಯಾಸ ಎಂದು ಹುಡುಕಿದೆ, ಸಿಗಲಿಲ್ಲ. ಖಾನೆಯಲ್ಲಿದ್ದ ನಿನ್ನ ಹೇಳಿಕೆಯನ್ನು ಆ ಹೆಂಗಸು ಅಲ್ಲೇ ತೆಗೆಸಿದರು. ಮ್ಯಾನೇಜರನ್ನು ಮುಂದೆ ಏನು ಮಾಡುತ್ತಾರೋ ಗೊತ್ತಿಲ್ಲ, ಬೀಗದ ಕೈಯನ್ನಂತೂ ಅವರ ಕೈಯಿಂದ ತೆಗೆದುಕೊಂಡು ನನಗೆ ಕೊಟ್ಟರು. "ನೀವೇ ಹೋಗಿ ಕರ್ಕೊಂಡು ಬನ್ನಿ" ಎಂದರು.

ನನ್ನ ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಾಗಿದೆ. ಮೂರು ಬ್ಯಾಚಿನಲ್ಲಿ ಎರಡನ್ನು ಕಿತ್ತುಕೊಂಡಿದ್ದಾರೆ, ಮುಂದಿನ ತಿಂಗಳು ಮೂರನೆಯದೂ ಹೋಗಬಹುದು. ಹೋಗಲಿ. ಆ ವಿಷಯ ಬರೆಯಲು ಇಲ್ಲಿ ಕೂತಿಲ್ಲ.

ಮೂರನೇ ಮಹಡಿಗೆ ಹತ್ತಿದೆ. ಬಾಗಿಲು ತೆರೆದ ಕೂಡಲೇ ಉಚ್ಚೆಯ ವಾಸನೆ ಮುಖಕ್ಕೆ ಹೊಡೆಯಿತು. ಮೂಗು ಮುಚ್ಚಿಕೊಳ್ಳಲು ಕೈ ಎತ್ತಿದವಳು ಹಾಗೇ ಇಳಿಸಿದೆ. ತಾತ ಹಾಸಿಗೆಯ ಅಂಚಿನಲ್ಲಿ ಕೂತು, ಹೊದಿಕೆಯ ಅಂಚನ್ನು ಮಡಚಿ ಮಡಚಿ ಗೇಣು ಹಾಕುತ್ತಿದ್ದರು. ಹಲ್ಲಿಲ್ಲದೆ ಕೆನ್ನೆ ಒಳಕ್ಕೆ ಹೋಗಿತ್ತು. ತುಂಬಾ ಇಳಿದುಹೋಗಿದ್ದಾರೆ, ಅಂಗಿ ಯಾರದೋ ದೊಡ್ಡವರದ್ದು ಹಾಕಿಕೊಂಡ ಹಾಗಿತ್ತು.

"ಬನ್ನಿ ತಾತ, ಕೆಳಗೆ ಹೋಗೋಣ, ಬಾಗ್ಲು ತೆಗ್ದಿದೆ" ಎಂದೆ.

ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಎದ್ದೇಳಲಿಲ್ಲ. ಏನೋ ಹೇಳಿದರು, ಹಲ್ಲಿಲ್ಲದ ಮಾತು ಗಾಳಿಯಲ್ಲೇ ಹೋಯಿತು. ನಾನು ಅವರ ಕಾಲ ಬಳಿ ಕೂತು ಬಾಯಿಯ ಹತ್ತಿರಕ್ಕೇ ಕಿವಿ ಕೊಟ್ಟೆ.

"ಬೀಗ ಹಾಕ್ಕೊಂಡು ಹೋಗಮ್ಮ" ಎಂದರು. "ಇಲ್ಲಾಂದ್ರೆ ನಿನ್ನ ಬೈತಾರೆ."

ಅವರ ಬಾಯಿಯ ಹಲ್ಲನ್ನು ಕಸಕ್ಕೆ ಹಾಕಿಸಿದವಳು ನಾನು. ಅವರನ್ನು ಅಲ್ಲೇ ಇರಿಸು ಎಂದು ಬರೆದವಳು ನಾನು. ಅವರಿಗೆ ನನ್ನನ್ನು ಯಾರು ಬೈಯುತ್ತಾರೋ ಎಂಬ ಚಿಂತೆ. ಅಮ್ಮ, ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಕೈ ಹಿಡಿದು ಎಬ್ಬಿಸಿದೆ, ಕೆಳಗೆ ಕರೆದುಕೊಂಡು ಹೋದೆ. ಹತ್ತೊಂಬತ್ತನೇ ಹಾಸಿಗೆಯ ಮೇಲೆ ಕೂರಿಸಿದೆ. ಅರ್ಧ ಗಂಟೆ ಬಿಟ್ಟು ನೀರು ತರಲು ಹೋಗಿ ಬರುವಷ್ಟರಲ್ಲಿ ಹಾಸಿಗೆಯ ಮೇಲೆ ಇರಲಿಲ್ಲ. ಹುಡುಕಿದರೆ ಮೂರನೇ ಮಹಡಿಯ ಕೋಣೆಯಲ್ಲಿದ್ದರು. ತಾವೇ ಮೆಟ್ಟಿಲು ಹತ್ತಿ ಹೋಗಿ, ಒಳಗೆ ಕೂತು, ಬಾಗಿಲನ್ನು ತಾವೇ ಎಳೆದುಕೊಂಡಿದ್ದರು.

ನಿನ್ನ ಮಗಳು